ಡಿಸ್ಚಾರ್ಜ್ ಶೀಟ್ ಕೊಟ್ರು, ಕಲಿಸಿದ್ದು ಯಾರು?

ಭಾಗ 1/9

ಫೋಟೋದಲ್ಲಿ ಇರೋದು ಬರೀ ಒಂದು ಸ್ಟೀಲ್ ಚಮಚ. ಫಿಲ್ಟರ್ ಹಾಕಿಲ್ಲ. ನಮ್ಮನೆ ಅಡುಗೆಮನೆಯಿಂದ ತಂದು ಕಿಟಕಿ ಹತ್ರ ಇಟ್ಟು ತೆಗೆದೆ, ಅಷ್ಟೇ.

ಈ ಪೇಜ್ ಫಾಲೋ ಮಾಡೋರಿಗೆ ಗೊತ್ತು, ನಾನು ಇಲ್ಲಿ ಬಸ್ ಪಾಸು, ಸ್ಕಾಲರ್‌ಶಿಪ್ ಅರ್ಜಿ, ಇಂಟರ್ನಲ್ಸ್ ಮಾರ್ಕ್ಸು ಇಂಥದ್ದಕ್ಕೆಲ್ಲ ಜಗಳ ಆಡ್ತಾ ಇರ್ತೀನಿ. ಈ ಸಲದ ಜಗಳ ಸ್ವಲ್ಪ ಉದ್ದ. ಒಂಬತ್ತು ಕ್ಯಾಪ್ಷನ್ ಆಗುತ್ತೆ. ಮನೇಲಿ ವಯಸ್ಸಾದವರು ಇದ್ರೆ ದಯವಿಟ್ಟು ಕೊನೆವರೆಗೂ ಓದಿ. ಇಲ್ಲದಿದ್ರೂ ಓದಿ, ಯಾಕಂದ್ರೆ ಒಂದಲ್ಲ ಒಂದು ದಿನ ಇರ್ತಾರೆ.

ಹೋದ ವರ್ಷ ದೀಪಾವಳಿ ಮುಗಿದ ವಾರ ನಮ್ಮಜ್ಜಿಗೆ ಲಕ್ವ ಹೊಡೀತು. ಅಜ್ಜಿಗೆ 74 ವರ್ಷ. ಬಲಗೈ, ಬಲಗಾಲು ಸ್ವಾಧೀನ ತಪ್ಪಿತು, ಮಾತು ತೊದಲೋಕೆ ಶುರುವಾಯ್ತು. ಹತ್ತು ದಿನ ಆಸ್ಪತ್ರೆ. ಆಮೇಲೆ ತಿಪಟೂರಿಗೆ, ಮನೆಗೆ ಕರ್ಕೊಂಡು ಬಂದ್ವಿ. ಬೀದಿಯವರೆಲ್ಲ ಬಂದು ನೋಡಿ "ಗಂಡಾಂತರ ಕಳೀತು ಬಿಡಿ" ಅಂದ್ರು.

ಮನೆಗೆ ಬಂದ ಆರನೇ ದಿನ ಈ ಚಮಚದಲ್ಲೇ ನಾನು ಅಜ್ಜಿಗೆ ನೀರು ಕುಡಿಸಿದೆ. ಅವಳು ಮಲಗಿದ್ಲು, ಮಲಗಿದ್ದ ಹಾಗೇ ಕುಡಿಸಿದೆ. ಕೆಮ್ಮಿದ್ಲು. ಎದೆ ಸವರಿದೆ. ಇನ್ನೊಂದು ಚಮಚ ಹಾಕಿದೆ. ಎರಡು ದಿನಕ್ಕೆ ಜ್ವರ, ಉಸಿರಾಟ ಗೊರಗೊರ. ನ್ಯುಮೋನಿಯಾ ಅಂದ್ರು. ಮತ್ತೆ ಅಡ್ಮಿಟ್.

ನಾನು ಹೇಳೋಕೆ ಹೊರಟಿರೋದು ಒಂದೇ ಮಾತು. ರೋಗಿಯನ್ನ ಮನೆಗೆ ಕಳಿಸೋ ಮುಂಚೆ, ಮನೇಲಿ ಅವರನ್ನ ನೋಡ್ಕೊಳ್ಳೋ ಎಲ್ಲರಿಗೂ, ಅವರ ಭಾಷೆಯಲ್ಲಿ, ಅವರ ಕೈಯಿಂದಲೇ ಮಾಡಿಸಿ ಕಲಿಸ್ಬೇಕು. ಇದು ಆಸ್ಪತ್ರೆಯವರು ಮಾಡೋ ಉಪಕಾರ ಅಲ್ಲ. ಮಾತ್ರೆ ಕೊಟ್ಟಷ್ಟೇ ಚಿಕಿತ್ಸೆಯ ಭಾಗ.

ಭಾಗ 2/9

ಯಾವ ಆಸ್ಪತ್ರೆ ಅಂತ ಕೇಳಬೇಡಿ, ಹೇಳಲ್ಲ. ಹೆಸರು ಹೇಳಿದ್ರೆ ಜಗಳ ಆ ಒಂದು ಬಿಲ್ಡಿಂಗಿನ ಜೊತೆ ಮುಗಿದುಹೋಗುತ್ತೆ. ಇದು ಒಂದು ಬಿಲ್ಡಿಂಗಿನ ಕಥೆ ಅಲ್ಲ. ಅಲ್ಲಿನ ಡಾಕ್ಟರು ಅಜ್ಜಿ ಜೀವ ಉಳಿಸಿದ್ದಾರೆ, ಅದನ್ನ ನಾನು ಮರೆತಿಲ್ಲ.

ಡಿಸ್ಚಾರ್ಜ್ ದಿನ ಏನಾಯ್ತು ಅಂದ್ರೆ, ಸಿಸ್ಟರ್ ವಾರ್ಡಿನ ಬಾಗಿಲಿಗೆ ಬಂದು "ಹೆಂಗಸರು ಯಾರಿದ್ದೀರಿ, ಒಬ್ರು ಒಳಗೆ ಬನ್ನಿ" ಅಂದ್ರು. ಅಮ್ಮ ಹೋದ್ಲು. ನಾನೂ ಅಪ್ಪನೂ ಬಿಲ್ ಕೌಂಟರ್ ಲೈನಲ್ಲಿ ನಿಂತಿದ್ವಿ. ಲೈನಲ್ಲಿ ನಮ್ಮ ಸರದಿ ಬರೋಕೆ ಒಂದೂವರೆ ಗಂಟೆ ಆಯ್ತು. ಅಮ್ಮ ಐದು ನಿಮಿಷಕ್ಕೆ ವಾಪಸ್ ಬಂದ್ಲು. "ಏನ್ ಹೇಳಿದ್ರಮ್ಮ?" ಅಂದೆ. "ಮಾತ್ರೆ ಹೇಳಿದ್ರು, ಮೆತ್ತಗಿರೋದು ಕೊಡಿ ಅಂದ್ರು, ಎಲ್ಲಾ ಇದ್ರಲ್ಲಿ ಬರ್ದಿದೆಯಂತೆ" ಅಂತ ಫೈಲ್ ನನ್ನ ಕೈಗೆ ಕೊಟ್ಲು. ಮನೇಲಿ ಇಂಗ್ಲಿಷ್ ಓದೋನು ನಾನೇ ಅಲ್ವಾ.

ಐದು ಪುಟ, ಎಲ್ಲಾ ಇಂಗ್ಲಿಷ್. ಬಸ್ಸಿನಲ್ಲಿ ಕೂತು ಪೂರ್ತಿ ಓದಿದೆ. ಕೊನೆ ಪುಟದಲ್ಲಿ ಎರಡೇ ಪದ ಇತ್ತು: ಆಸ್ಪಿರೇಷನ್ ಪ್ರಿಕಾಷನ್ಸ್.

ನನಗೆ ಗೊತ್ತಿದ್ದ ಆಸ್ಪಿರೇಷನ್ ಅಂದ್ರೆ ಜೀವನದಲ್ಲಿ ಏನಾಗ್ಬೇಕು ಅನ್ನೋ ಆಸೆ. ಕಾಲೇಜಿನಲ್ಲಿ ಮಾಕ್ ಇಂಟರ್‌ವ್ಯೂನಲ್ಲಿ ಕೇಳ್ತಾರಲ್ಲ, ನಿನ್ನ ಆಸ್ಪಿರೇಷನ್ ಏನಪ್ಪಾ ಅಂತ, ಅದು. ಅಜ್ಜಿ ಫೈಲಲ್ಲಿ ಅದ್ಯಾಕೆ ಇದೆ ಅಂತ ಅರ್ಥ ಆಗಲಿಲ್ಲ. ಯಾವುದೋ ಟೆಸ್ಟಿನ ಹೆಸರಿರಬೇಕು ಅಂದ್ಕೊಂಡು ಪುಟ ತಿರುಗಿಸಿದೆ.

ಆಸ್ಪತ್ರೆ ಭಾಷೆಯಲ್ಲಿ ಅದರ ಅರ್ಥ, ಬಾಯಿಗೆ ಹಾಕಿದ್ದು ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಹೋಗೋದು. ಆ ಎರಡು ಪದದ ಕನ್ನಡ ಇಷ್ಟೇ: "ನೀರು ಕುಡಿಸುವಾಗ, ಊಟ ಮಾಡಿಸುವಾಗ ಹುಷಾರು, ಶ್ವಾಸಕೋಶಕ್ಕೆ ಇಳಿಯಬಹುದು." ಇಷ್ಟು ಬರೆಯೋಕೆ ಅರ್ಧ ನಿಮಿಷ ಸಾಕಿತ್ತು.

ಭಾಗ 3/9

ಎರಡನೇ ಸಲ ಅಡ್ಮಿಟ್ ಆದಾಗ ರಾತ್ರಿ ಪಾಳಿಯಲ್ಲಿ ಒಬ್ರು ಸಿಸ್ಟರ್ ಇದ್ರು. ಅವರೂ ಅದೇ ವಾರ್ಡು, ಅದೇ ಓಡಾಟ. ನಾನು ಅಜ್ಜಿ ಪಕ್ಕ ಸ್ಟೂಲ್ ಮೇಲೆ ಕೂತಿದ್ದೆ. "ನೀರು ಯಾರು ಕುಡಿಸಿದ್ದು?" ಅಂತ ಕೇಳಿದ್ರು. ನಾನೇ ಅಂದೆ. ಬೈತಾರೆ ಅಂದ್ಕೊಂಡೆ. ಬೈಲಿಲ್ಲ. "ನೋಡಪ್ಪಾ, ಇಲ್ಲಿ ಬಾ, ನಾನು ಮಾಡ್ತೀನಿ ನೋಡು, ಆಮೇಲೆ ನೀನು ಮಾಡು" ಅಂದ್ರು.

ಇಪ್ಪತ್ತು ನಿಮಿಷ. ಗಡಿಯಾರ ನನ್ನೆದುರಿಗೇ ಇತ್ತು.

ಅವರು ಹೇಳಿದ್ದರಲ್ಲಿ ಮೊದಲನೇದು ಕೇಳಿಯೇ ನನಗೆ ಕೈಕಾಲು ತಣ್ಣಗಾಯ್ತು. ಲಕ್ವ ಆದ್ಮೇಲೆ ಬಹಳ ಜನರಿಗೆ ನುಂಗೋ ಸ್ನಾಯುಗಳೂ ಸೋತಿರುತ್ತವೆ. ಅಂಥವರಿಗೆ ಎಲ್ಲಕ್ಕಿಂತ ಕಷ್ಟ ನೀರು. ನಾವೆಲ್ಲ ಉಲ್ಟಾ ತಿಳ್ಕೊಂಡಿರ್ತೀವಿ. ಊಟ ಸೇರದಿದ್ರೂ ನೀರಾದ್ರೂ ಕುಡಿಯಲಿ ಅಂತೀವಿ. ಆದ್ರೆ ನೀರು ತೆಳು, ಬೇಗ ಜಾರುತ್ತೆ, ಗಂಟಲು ಸಿದ್ಧ ಆಗೋದರೊಳಗೆ ಶ್ವಾಸನಾಳಕ್ಕೆ ಇಳಿದುಬಿಡುತ್ತೆ. ಗಂಜಿ ಹದಕ್ಕೆ ಮಂದ ಇರೋದು ನಿಧಾನಕ್ಕೆ ಇಳಿಯುತ್ತೆ, ಹಾಗಾಗಿ ಎಷ್ಟೋ ಜನರಿಗೆ ಅದೇ ಸುಲಭ. ಯಾರಿಗೆ ಎಷ್ಟು ಮಂದ ಬೇಕು ಅನ್ನೋದನ್ನ ನುಂಗೋದನ್ನ ಪರೀಕ್ಷೆ ಮಾಡಿದವರೇ ಹೇಳ್ಬೇಕು. ಆ ಪರೀಕ್ಷೆ ಮಾಡೋರು ಸ್ಪೀಚ್ ಥೆರಪಿಸ್ಟ್. ಮಾತು ಕಲಿಸೋರು ಮಾತ್ರ ಅಂತ ನಾನು ಅಂದ್ಕೊಂಡಿದ್ದೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ನುಂಗೋ ತೊಂದರೆಗೂ ಚಿಕಿತ್ಸೆ ಇದೆ ಅನ್ನೋದು ನನಗೆ ಗೊತ್ತಾಗಿದ್ದು ಆಮೇಲೆ.

ಇನ್ನೊಂದು ಮಾತು: ಕೆಲವರಿಗೆ ತಪ್ಪು ದಾರಿಗೆ ಹೋದ್ರೂ ಕೆಮ್ಮೇ ಬರಲ್ಲ. ಕೆಮ್ಮಲಿಲ್ಲ ಅಂದ್ರೆ ಸರಿಯಾಗಿ ನುಂಗಿದ್ರು ಅಂತ ಅಲ್ಲ.

ನಮ್ಮಜ್ಜಿ ಕೆಮ್ಮಿದ್ಲು. ಅವಳು ನನಗೆ ಹೇಳಿದ್ಲು. ನನಗೆ ಆ ಭಾಷೆ ಗೊತ್ತಿರಲಿಲ್ಲ.

ಭಾಗ 4/9

ಇದನ್ನ ಸೇವ್ ಮಾಡ್ಕೊಳ್ಳಿ. ನಾನು ಡಾಕ್ಟರಲ್ಲ, ಬಿಕಾಂ ಹುಡುಗ. ನಿಮ್ಮ ರೋಗಿಗೆ ನಿಮ್ಮ ಡಾಕ್ಟರು ಬೇರೆ ಹೇಳಿದ್ರೆ ಅದೇ ಸರಿ. ಆದ್ರೆ ಕನಿಷ್ಠ ಏನು ಕೇಳ್ಬೇಕು ಅನ್ನೋದಾದ್ರೂ ಗೊತ್ತಿರಲಿ. ಆ ಇಪ್ಪತ್ತು ನಿಮಿಷದಲ್ಲಿ ನಾನು ಕಲಿತದ್ದು ಇದು:

• ತಿನ್ನಿಸೋ ಮುಂಚೆ ಕೂರಿಸಿ. ಬೆನ್ನಿಗೆ ದಿಂಬು, ಸೋತ ಕೈ ಕೆಳಗೆ ಒಂದು ದಿಂಬು. ಮಲಗಿಸಿಕೊಂಡು ಹನಿ ನೀರೂ ಬೇಡ.

• ನಿದ್ದೆಗಣ್ಣಲ್ಲಿ ಇದ್ರೆ ತಿನ್ನಿಸಬೇಡಿ. ಪೂರ್ತಿ ಎಚ್ಚರ ಇರ್ಬೇಕು. ಟಿವಿ ಆಫ್ ಮಾಡಿ. ಬಾಯಲ್ಲಿ ತುತ್ತು ಇರುವಾಗ ಮಾತಾಡಿಸಬೇಡಿ.

• ಚಿಕ್ಕ ಚಮಚ, ಅದರಲ್ಲೂ ಅರ್ಧ. ಗಂಟಲು ಮೇಲೆದ್ದು ಇಳಿಯೋದು ಕಾಣುತ್ತೆ. ಅದನ್ನ ನೋಡಿದ ಮೇಲೇ ಮುಂದಿನ ಚಮಚ.

• ಸೋತ ಕಡೆ ಕೆನ್ನೆ ಒಳಗೆ ಅನ್ನ ಸಿಕ್ಕಿಕೊಂಡಿರುತ್ತೆ, ಅವರಿಗೆ ಗೊತ್ತೇ ಆಗಲ್ಲ. ಊಟ ಆದ್ಮೇಲೆ ಬಾಯಿ ನೋಡಿ, ಒರೆಸಿ ಸ್ವಚ್ಛ ಮಾಡಿ. ಬಾಯಿ ಕೊಳಕಿದ್ರೆ ಆ ಕ್ರಿಮಿಗಳೇ ಎದೆಗೆ ಇಳಿಯೋದು.

• ಊಟ ಆದ್ಮೇಲೆ ಅರ್ಧ ಗಂಟೆಯಾದ್ರೂ ಕೂತಿರಲಿ.

• ಕೆಮ್ಮು ಬಂದ್ರೆ, ಧ್ವನಿ ಒದ್ದೆ ಒದ್ದೆ ಗೊರಗೊರ ಅನ್ಸಿದ್ರೆ ನಿಲ್ಲಿಸಿ. "ಇನ್ನೊಂದೇ ಒಂದು ಚಮಚ" ಅನ್ನಬೇಡಿ. ಉಸಿರಾಟ ಕಷ್ಟ ಆದ್ರೆ, ಜ್ವರ ಬಂದ್ರೆ ನಾಳೆ ನೋಡೋಣ ಅನ್ನದೆ ಕರ್ಕೊಂಡು ಹೋಗಿ.

• ಎಬ್ಬಿಸುವಾಗ ಸೋತ ಕೈ ಹಿಡಿದು ಎಳೀಬೇಡಿ, ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಭುಜ ಕೀಲು ಜಾರುತ್ತೆ.

• ಬಟ್ಟೆ ಹಾಕುವಾಗ ಸೋತ ಕೈಗೆ ಮೊದಲು. ಬಿಚ್ಚುವಾಗ ಅದೇ ಕೈಯಿಂದ ಕೊನೆಗೆ.

• ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ರಾತ್ರಿಗೆ ಎಷ್ಟು ಹೊತ್ತಿಗೊಮ್ಮೆ ಅಂತ ಕೇಳಿ ಬರ್ಕೊಳ್ಳಿ.

ಒಂಬತ್ತು ಸಾಲು. ಇದರಲ್ಲಿ ಯಾವುದಕ್ಕೂ ಮಶೀನ್ ಬೇಕಿಲ್ಲ, ದುಡ್ಡು ಬೇಕಿಲ್ಲ. ಯಾರಾದ್ರೂ ಒಂದು ಸಲ ಮಾಡಿ ತೋರಿಸಬೇಕು, ಅಷ್ಟೇ.

ಭಾಗ 5/9

ಈಗ ಅಮ್ಮನ ವಿಷಯ. ಅಜ್ಜಿ ನನಗೆ ಅಜ್ಜಿ, ಅಮ್ಮನಿಗೆ ಅತ್ತೆ. ಇಪ್ಪತ್ತೆರಡು ವರ್ಷ ಒಂದೇ ಅಡುಗೆಮನೆಯಲ್ಲಿ ಇಬ್ರೂ ಜಗಳ ಆಡ್ಕೊಂಡು ಬದುಕಿದವರು. ಅಜ್ಜಿ ಹಾಸಿಗೆ ಹಿಡಿದ ಮೇಲೆ ಅಮ್ಮ ರಾತ್ರಿ ನಾಲ್ಕು ಸಲ ಏಳ್ತಿದ್ಲು. ಬೆನ್ನಿಗೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ತಿದ್ಲು. ನಮ್ಮೂರಲ್ಲಿ ಕೊಬ್ಬರಿಗೆ, ಎಣ್ಣೆಗೆ ಏನು ಬರ? ಅಪ್ಪ ಕೊಬ್ಬರಿ ಮಂಡಿಯಲ್ಲೇ ಲೆಕ್ಕ ಬರೆಯೋದು.

ಸೊಂಟದ ಕೆಳಗೆ, ಬೆನ್ನುಮೂಳೆ ಮುಗಿಯೋ ಜಾಗದಲ್ಲಿ ಒಂದು ರೂಪಾಯಿ ಅಗಲ ಕೆಂಪಗಾಯ್ತು. ಅಮ್ಮ ಅಲ್ಲೇ ಇನ್ನೂ ಜೋರಾಗಿ ತಿಕ್ಕಿದ್ಲು, ರಕ್ತ ಓಡಲಿ ಅಂತ. ನಡುವೆ ತೂತಿರೋ ಗಾಳಿ ದಿಂಬು ತಂದು ಕೆಳಗಿಟ್ಟೆ, ಅದನ್ನ ಮೆಡಿಕಲ್ ಶಾಪಿನವರೇ ಕೊಟ್ಟದ್ದು. ನಾಲ್ಕು ದಿನಕ್ಕೆ ಚರ್ಮ ಕಿತ್ತು ಬಂತು.

ಕೆಂಪಾದ ಜಾಗವನ್ನ ತಿಕ್ಕಬಾರದಂತೆ, ಒಳಗೆ ಆಗಲೇ ಪೆಟ್ಟಾಗಿರುತ್ತಂತೆ. ತೂತಿನ ದಿಂಬೂ ಬೇಡವಂತೆ, ಸುತ್ತ ಒತ್ತಿ ನಡುವೆ ರಕ್ತ ಬರೋದನ್ನೇ ತಡೆಯುತ್ತಂತೆ. ಬೇಕಾಗಿದ್ದು ಮಗ್ಗುಲು ಬದಲಿಸೋದು, ಒಣಗಿಸಿ ಇಡೋದು, ಹಿಮ್ಮಡಿ, ಸೊಂಟ, ಭುಜ, ತಲೆ ಹಿಂಭಾಗ ದಿನಾ ಬೆಳಕಲ್ಲಿ ನೋಡೋದು. ಇದನ್ನೂ ಆ ರಾತ್ರಿ ಸಿಸ್ಟರೇ ಹೇಳಿದ್ದು. ಅಮ್ಮ ಕೇಳಿಸ್ಕೊಂಡು ಏನೂ ಮಾತಾಡಲಿಲ್ಲ. ಆಚೆ ಕಾರಿಡಾರಿಗೆ ಹೋಗಿ ಬಹಳ ಹೊತ್ತು ನಿಂತಿದ್ಲು.

"ಸೇವೆ ಮಾಡೋಕೆ ಮನಸ್ಸಿದ್ರೆ ಸಾಕು" ಅಂತ ಹೇಳೋರಿಗೆ ನಾನು ಇದನ್ನೇ ಹೇಳೋದು. ನಮ್ಮಮ್ಮನಿಗೆ ಮನಸ್ಸಿತ್ತು. ಆ ಹುಣ್ಣಿಗೆ ಕಾರಣ ಅಸಡ್ಡೆ ಅಲ್ಲ. ಯಾರೂ ಹೇಳದೆ ಇದ್ದ ಒಂದು ವಾಕ್ಯ.

ಬಂದ ನೆಂಟರು ಮಾತ್ರ ಹುಣ್ಣು ನೋಡಿ ಅಮ್ಮನ ಮುಖ ನೋಡಿದ್ರು. "ಸರಿಯಾಗಿ ನೋಡ್ಕೊಂಡಿಲ್ವೇನೋ" ಅನ್ನೋ ನೋಟ. ಅದೇ ನೋಟ ನನ್ನ ಕಡೆ, ಅಪ್ಪನ ಕಡೆ ಒಬ್ರೂ ಬಿಡಲಿಲ್ಲ.

ಭಾಗ 6/9

ಇದನ್ನೆಲ್ಲ ಹೇಳಿದಾಗ ಎದುರು ಮಾತು ಬಂದೇ ಬರುತ್ತೆ. ಮೂರು ಕೇಳಿದೀನಿ. ಮೂರಕ್ಕೂ ಉತ್ತರ ಕೊಡ್ತೀನಿ.

ಒಂದು: "ಹಿಂದೆಲ್ಲ ಯಾರು ಟ್ರೈನಿಂಗ್ ಕೊಡ್ತಿದ್ರು? ನಮ್ಮಜ್ಜಿ, ಮುತ್ತಜ್ಜಿ ನೋಡ್ಕೊಳ್ಲಿಲ್ವಾ?" ನೋಡ್ಕೊಂಡ್ರು, ಒಪ್ತೀನಿ. ಆದ್ರೆ ಅವತ್ತು ಮನೇಲಿ ಹತ್ತು ಜನ ಇದ್ರು, ದೊಡ್ಡವರು ಮಾಡೋದನ್ನ ನೋಡಿ ಚಿಕ್ಕವರು ಕಲೀತಿದ್ರು. ಜೊತೆಗೆ, ಅವತ್ತು ಮೂಗಿನ ಪೈಪು, ಮೂತ್ರದ ಪೈಪು, ಗಂಟಲಿನ ತೂತು ಇಟ್ಕೊಂಡು ಯಾರೂ ಮನೆಗೆ ಬರ್ತಿರಲಿಲ್ಲ. ಈಗ ಬರ್ತಾರೆ. ಮೂತ್ರದ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರ್ಬೇಕು, ಇಲ್ಲಾಂದ್ರೆ ವಾಪಸ್ ಹರಿದು ಸೋಂಕಾಗುತ್ತೆ ಅನ್ನೋದನ್ನ ಯಾವ ಮುತ್ತಜ್ಜಿ ಹೇಳಿಕೊಡ್ತಾಳೆ? ವಾರ್ಡು ಮನೆಗೆ ಬಂದಿದೆ, ವಾರ್ಡಿನ ತಿಳುವಳಿಕೆ ಬಂದಿಲ್ಲ.

ಎರಡು: "ಸಿಸ್ಟರ್‌ಗಳಿಗೆ ಪುರುಸೊತ್ತೆಲ್ಲಿದೆ?" ಇದು ನಿಜವಾದ ಮಾತು. ಒಬ್ಬೊಬ್ರು ಎಷ್ಟು ಬೆಡ್ ನೋಡ್ತಾರೆ ಅಂತ ಹತ್ತು ದಿನ ಕಣ್ಣಾರೆ ನೋಡಿದೀನಿ. ಹಾಗಾಗಿ "ಸಿಸ್ಟರ್ ಸ್ವಲ್ಪ ಮನಸ್ಸು ಮಾಡ್ಬೇಕು" ಅಂತ ನಾನು ಹೇಳಲ್ಲ. ಇದು ಅವರ ಕೆಲಸದ ಪಟ್ಟಿಯಲ್ಲಿ ಇರ್ಬೇಕು, ಅದಕ್ಕೆ ಅಂತ ಸಮಯ ಕೊಡ್ಬೇಕು. ಆ ರಾತ್ರಿ ನಮಗೆ ಕಲಿಸಿದವರು ತಮ್ಮ ಟೀ ಸಮಯದಲ್ಲಿ ಕಲಿಸಿದ್ದು. ಒಳ್ಳೆಯವರ ಟೀ ಸಮಯದ ಮೇಲೆ ಒಂದು ವ್ಯವಸ್ಥೆ ನಡೀಬಾರದು.

ಮೂರು: "ಯೂಟ್ಯೂಬಲ್ಲಿ ಎಲ್ಲಾ ಇದೆಯಲ್ಲ." ಇದೆ. ಏನು ಹುಡುಕಬೇಕು ಅಂತ ಗೊತ್ತಿದ್ರೆ ಇದೆ. ನೀರು ಕುಡಿಸೋದು ಹೇಗೆ ಅಂತ ಯಾರು ಹುಡುಕ್ತಾರೆ, ಹೇಳಿ? ಹುಡುಕಿದ್ರೂ ಕನ್ನಡದಲ್ಲಿ ನನಗೆ ಮೊದಲು ಸಿಕ್ಕಿದ್ದು "ಲಕ್ವ ಏಳೇ ದಿನದಲ್ಲಿ ಮಾಯ" ಅನ್ನೋ ವಿಡಿಯೋಗಳು. ಎಣ್ಣೆ ಮಾರೋರದ್ದು. ವಿಡಿಯೋ ಬೇಡ ಅಂತಲ್ಲ. ಕೈಯಲ್ಲಿ ಮಾಡಿಸಿ ಕಲಿಸಿದ ಮೇಲೆ ನೆನಪಿಗೆ ಇರಲಿ ಅಂತ ಒಂದು ಒಳ್ಳೆ ವಿಡಿಯೋ ಕೊಡಿ. ಕಲಿಸೋದರ ಬದಲಿಗೆ ಅಲ್ಲ.

ಭಾಗ 7/9

"ಹೇಳೋದು ಸುಲಭ, ಎಲ್ಲಿ ನಡೆದಿದೆ ತೋರಿಸು" ಅಂತೀರಾ? ನಡೆದಿದೆ. ಅದರಲ್ಲಿ ಒಂದು ನಮ್ಮ ಕರ್ನಾಟಕದಲ್ಲೇ ಶುರುವಾಗಿದ್ದು.

ನೂರಾ ಹೆಲ್ತ್ ಅಂತ ಒಂದು ಸಂಸ್ಥೆ ಇದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಒಂದು ಕ್ಲಾಸ್ ಪ್ರಾಜೆಕ್ಟಿಗೆ ಅಂತ ಇಲ್ಲಿಗೆ ಬಂದವರು. ನಾರಾಯಣ ಆಸ್ಪತ್ರೆಯ ಕಾರಿಡಾರುಗಳಲ್ಲಿ ರೋಗಿಗಳ ಮನೆಯವರು ದಿನಗಟ್ಟಲೆ ಸುಮ್ನೆ ಕೂತಿರೋದನ್ನ ನೋಡಿದ್ರು. ಇವರು ಕಾಯ್ತಾ ಇರೋ ಹೊತ್ತಲ್ಲೇ ಕಲಿಸಿದ್ರೆ ಹೇಗೆ ಅನ್ನೋದು ಅವರ ಪ್ರಶ್ನೆ. ಹೃದಯ ಆಪರೇಷನ್ ಆದವರ ಮನೆಯವರಿಂದ ಶುರು ಮಾಡಿದ್ರು. ನರ್ಸುಗಳೇ ಕಲಿಸೋದು, ಅವರಿಗೆ ಮೊದಲು ತರಬೇತಿ. ಒಬ್ಬೊಬ್ಬರಿಗೇ ಅಲ್ಲ, ವಾರ್ಡಿನ ಮನೆಯವರನ್ನೆಲ್ಲ ಒಟ್ಟಿಗೆ ಕೂರಿಸಿ, ಚಿತ್ರ, ವಿಡಿಯೋ ತೋರಿಸಿ, ಕೈಯಲ್ಲಿ ಮಾಡಿಸಿ. ಮನೆಗೆ ಹೋದ ಮೇಲೆ ಫೋನಿಗೆ ಮೆಸೇಜು. ಈಗ ಬೇರೆ ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳಲ್ಲೂ ನಡೀತಿದೆ. "ಪುರುಸೊತ್ತಿಲ್ಲ" ಅನ್ನೋದಕ್ಕೆ ಇದೇ ಉತ್ತರ: ಹತ್ತು ಮನೆಗೆ ಹತ್ತು ಸಲ ಅಲ್ಲ, ಹತ್ತು ಮನೆಗೆ ಒಂದೇ ಸಲ.

ಪಕ್ಕದ ಕೇರಳ ನೋಡಿ. 1993ರಲ್ಲಿ ಕೋಳಿಕ್ಕೋಡ್‌ನಲ್ಲಿ ಒಂದು ಚಿಕ್ಕ ನೋವು ನಿವಾರಣಾ ಕ್ಲಿನಿಕ್ಕಾಗಿ ಶುರುವಾದದ್ದು ಊರೂರಿಗೆ ಹಬ್ಬಿತು. 2008ರಲ್ಲಿ ಸರ್ಕಾರವೇ ಉಪಶಮನ ಆರೈಕೆಗೆ ಒಂದು ನೀತಿ ತಂತು. ಅಲ್ಲಿ ನರ್ಸು, ಊರಿನ ಸ್ವಯಂಸೇವಕರು ಮನೆಗೇ ಹೋಗ್ತಾರೆ. ಹಾಸಿಗೆ ಪಕ್ಕ ನಿಂತು ಮನೆಯವರಿಗೆ ಹೇಳಿಕೊಡ್ತಾರೆ. ಪಂಚಾಯ್ತಿಗಳೂ ಇದರಲ್ಲಿ ಭಾಗಿ.

ಮರೆವಿನ ಕಾಯಿಲೆ, ಅಂದ್ರೆ ಡಿಮೆನ್ಷಿಯಾ ಇರೋರ ಮನೆಯವರಿಗೆ ವಿಶ್ವ ಆರೋಗ್ಯ ಸಂಸ್ಥೆ ಐಸಪೋರ್ಟ್ ಅನ್ನೋ ಉಚಿತ ಪಾಠ ಮಾಡಿದೆ. 5 ವಿಭಾಗ, 23 ಪಾಠ. ಅದರಲ್ಲಿ ಒಂದು ಇಡೀ ವಿಭಾಗ ನೋಡ್ಕೊಳ್ಳೋರು ತಮ್ಮನ್ನ ತಾವು ನೋಡ್ಕೊಳ್ಳೋದು ಹೇಗೆ ಅನ್ನೋದರ ಬಗ್ಗೆ. ಅದನ್ನ ಓದಿದಾಗ ನನಗೆ ಕಾರಿಡಾರಲ್ಲಿ ನಿಂತಿದ್ದ ಅಮ್ಮ ನೆನಪಾದ್ಲು.

ಅಂದ್ರೆ ದಾರಿ ಗೊತ್ತಿಲ್ಲ ಅಂತಲ್ಲ. ದಾರಿ ಇದೆ. ನಮ್ಮೂರಿನವರೆಗೆ, ನಮ್ಮ ಭಾಷೆಯಲ್ಲಿ, ಎಲ್ಲಾ ಆಸ್ಪತ್ರೆಗೂ ಬಂದಿಲ್ಲ.

ಭಾಗ 8/9

ನಾನು ಓದ್ತಿರೋದು ಬಿಕಾಂ, ಹಾಗಾಗಿ ಸ್ವಲ್ಪ ಲೆಕ್ಕ.

ಒಬ್ಬ ನರ್ಸಿಗೆ ತಿಂಗಳಿಗೆ 20,000 ಸಂಬಳ ಅಂತ ಇಟ್ಕೊಳ್ಳಿ. 26 ದಿನ, ದಿನಕ್ಕೆ 8 ಗಂಟೆ, ಒಟ್ಟು 208 ಗಂಟೆ. ಗಂಟೆಗೆ ಸುಮಾರು 96 ರೂಪಾಯಿ. ಇಪ್ಪತ್ತು ನಿಮಿಷಕ್ಕೆ 32 ರೂಪಾಯಿ. ನಮ್ಮಜ್ಜಿಯ ಎರಡನೇ ಅಡ್ಮಿಷನ್ ಬಿಲ್ಲು 58,000. ಅಪ್ಪ ಮಂಡಿ ಸಾಹುಕಾರರ ಹತ್ರ ಅಡ್ವಾನ್ಸ್ ತಗೊಂಡ್ರು, ಇನ್ನೂ ತಿಂಗಳು ತಿಂಗಳು ಮುರಿಸ್ಕೊಳ್ತಿದ್ದಾರೆ. ಒಂದು ಕಡೆ 32, ಇನ್ನೊಂದು ಕಡೆ 58,000. ಕಾಸ್ಟಿಂಗ್ ಪೇಪರಲ್ಲಿ ಇಂಥ ಪ್ರಶ್ನೆ ಕೊಟ್ರೆ ಫೇಲ್ ಆಗೋನೂ ಸರಿ ಉತ್ತರ ಬರೀತಾನೆ.

ನಮ್ಮ ಟ್ಯಾಕ್ಸ್ ಪುಸ್ತಕದಲ್ಲಿ, ವಯಸ್ಸಾದವರ ಕೆಲವು ದೊಡ್ಡ ಕಾಯಿಲೆಗಳ ಖರ್ಚಿಗೆ 1 ಲಕ್ಷದವರೆಗೆ ಕಡಿತ ಇದೆ ಅಂತ ಓದಿದೀವಿ, ಹಳೇ ತೆರಿಗೆ ಪದ್ಧತಿಯಲ್ಲಿ. ತೆರಿಗೆ ಕಟ್ಟೋರಿಗೆ ಉಪಯೋಗ. ಅಪ್ಪನ ಸಂಬಳಕ್ಕೆ ತೆರಿಗೆಯೇ ಬರಲ್ಲ. ಎಕನಾಮಿಕ್ಸ್ ಪುಸ್ತಕದಲ್ಲಿ, ಮನೆಯವರು ಮನೆಯವರಿಗೆ ಮಾಡೋ ಕೆಲಸ ರಾಷ್ಟ್ರೀಯ ಆದಾಯದಲ್ಲಿ ಸೇರಲ್ಲ ಅಂತಿದೆ. ಅಜ್ಜಿಗೆ ಆಯಾ ಇಟ್ರೆ ಸೇರುತ್ತೆ, ಅಮ್ಮ ಮಾಡಿದ್ರೆ ಇಲ್ಲ. ಮೊದಲ ವರ್ಷ ಎರಡು ಮಾರ್ಕಿಗೆ ಬರೆದು ಮುಂದೆ ಹೋಗಿದ್ದೆ.

2007ರಲ್ಲಿ ಹೆತ್ತವರ, ಹಿರಿಯ ನಾಗರಿಕರ ಪಾಲನೆಗೆ ಅಂತ ಕೇಂದ್ರ ಸರ್ಕಾರ ಕಾಯ್ದೆ ಮಾಡಿದೆ. ಹಿರಿಯರನ್ನ ಕೈಬಿಟ್ರೆ ಮೂರು ತಿಂಗಳವರೆಗೆ ಜೈಲು, ಇಲ್ಲಾ 5,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಕಾಯ್ದೆ ಬೇಕು, ಬೇಡ ಅನ್ನಲ್ಲ. ಆದ್ರೆ ನೋಡ್ಕೊಳ್ಳದಿದ್ರೆ ಶಿಕ್ಷೆ ಅನ್ನೋ ದೇಶ, ಹೇಗೆ ನೋಡ್ಕೊಳ್ಬೇಕು ಅಂತಾನೂ ಹೇಳಿಕೊಡ್ಬೇಕಲ್ವಾ?

ಕೊನೇ ಲೆಕ್ಕ, ಗಂಡಸರಿಗೆ. 2019ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಮನೆಯವರ ಆರೈಕೆಯಲ್ಲಿ ತೊಡಗಿದವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 134 ನಿಮಿಷ ಕೊಡ್ತಾರೆ, ಗಂಡಸರು 76. ಮಕ್ಕಳು, ಹಿರಿಯರು ಎಲ್ಲಾ ಸೇರಿ. "ಹೆಂಗಸರು ಯಾರಿದ್ದೀರಿ, ಬನ್ನಿ" ಅನ್ನೋ ಒಂದು ಕರೆಯಲ್ಲಿ ಈ ಅಂಕಿ ಹುಟ್ಟುತ್ತೆ. ಆ ಆರನೇ ದಿನ ಅಮ್ಮ ರೇಷನ್ ಅಂಗಡಿ ಲೈನಲ್ಲಿ ಇದ್ಲು. ಮನೇಲಿದ್ದದ್ದು ನಾನು. ಯಾರಿಗೆ ಕಲಿಸಲಿಲ್ವೋ ಅವನ ಕೈಗೇ ಚಮಚ ಬಂತು.

ಈಗ ನಾನು ಅಜ್ಜಿಗೆ ಊಟ ಮಾಡಿಸ್ತೀನಿ, ಡೈಪರ್ ಬದಲಿಸ್ತೀನಿ. ಮೊದಲ ಸಲ ಇಬ್ಬರಿಗೂ ನಾಚಿಕೆ ಆಯ್ತು. ಅಜ್ಜಿ ಮುಖ ಗೋಡೆ ಕಡೆ ತಿರುಗಿಸಿದ್ಲು. ಹದಿನೈದು ದಿನಕ್ಕೆ ಇಬ್ಬರಿಗೂ ಅಭ್ಯಾಸ ಆಯ್ತು. ಗಂಡು ಹುಡುಗರ ಕೈಲಿ ಆಗಲ್ಲ ಅನ್ನೋದು ಸುಳ್ಳು. ಯಾರೂ ಕರೆಯಲ್ಲ, ನಾವೂ ಹೋಗಲ್ಲ.

ಭಾಗ 9/9

ನಾಳೆ ನಿಮ್ಮ ಮನೆಯವರು ಡಿಸ್ಚಾರ್ಜ್ ಆಗ್ತಾರೆ ಅಂತ ಅಂದ್ಕೊಳ್ಳಿ. ವ್ಯವಸ್ಥೆ ಬದಲಾಗೋವರೆಗೂ ಕಾಯೋಕಾಗಲ್ಲ. ಹಾಗಾಗಿ ಬಾಗಿಲಲ್ಲೇ ನಿಂತು ಇವನ್ನ ಕೇಳಿ:

1. ನಮ್ಮ ಮನೇಲಿ ನೋಡ್ಕೊಳ್ಳೋರು ಇಷ್ಟು ಜನ, ಎಲ್ಲರಿಗೂ ಒಟ್ಟಿಗೆ ಹೇಳ್ತೀರಾ?
2. ನುಂಗೋದನ್ನ ಪರೀಕ್ಷೆ ಮಾಡಿದ್ದೀರಾ? ನೀರು ಕೊಡಬಹುದಾ? ಯಾವ ಹದದಲ್ಲಿ?
3. ಎಬ್ಬಿಸೋದು, ಕೂರಿಸೋದು, ಮಗ್ಗುಲು ತಿರುಗಿಸೋದು ನೀವು ಮಾಡಿ ತೋರಿಸಿ. ಈಗ ನಾವು ಮಾಡ್ತೀವಿ, ಸರಿಯಾ ನೋಡಿ.
4. ಏನಾದ್ರೆ ತಕ್ಷಣ ಬರ್ಬೇಕು? ಮೂರು ಲಕ್ಷಣ ಕನ್ನಡದಲ್ಲಿ ಬರೆದುಕೊಡಿ.
5. ರಾತ್ರಿ ಸಂದೇಹ ಬಂದ್ರೆ ಯಾರಿಗೆ ಫೋನ್ ಮಾಡೋದು?

ಅವರು ಹೇಳಿದ್ದನ್ನ ಫೋನಲ್ಲಿ ವಿಡಿಯೋ ಮಾಡ್ಕೊಳ್ಳಿ, ಕೇಳಿ ಅನುಮತಿ ತಗೊಂಡೇ ಮಾಡಿ. ಅರ್ಥ ಆಗದಿದ್ರೆ "ಅರ್ಥ ಆಗಲಿಲ್ಲ" ಅನ್ನೋಕೆ ನಾಚಿಕೆ ಬೇಡ. ನನಗೆ ಇಂಗ್ಲಿಷ್ ಬರುತ್ತೆ ಅನ್ನೋ ಜಂಬ ಇತ್ತು, ಅದಕ್ಕೇ ಕೇಳಲಿಲ್ಲ.

ನಂಬರ್ ಇಟ್ಕೊಳ್ಳಿ: ಹಿರಿಯ ನಾಗರಿಕರ ಸಹಾಯವಾಣಿ 14567. ನೋಡ್ಕೊಳ್ಳೋ ನಿಮಗೇ ತಲೆ ಕೆಟ್ಟ ಹಾಗಾದ್ರೆ, ನಿದ್ದೆ ಬರದಿದ್ರೆ, ಮಾತಾಡೋಕೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಮುಖ ಸೊಟ್ಟಗಾದ್ರೆ, ಕೈ ಎತ್ತೋಕಾಗದಿದ್ರೆ, ಮಾತು ತೊದಲಿದ್ರೆ ಯೋಚನೆ ಮಾಡ್ತಾ ಕೂರಬೇಡಿ, 108. ಒಂದು ಬಗೆಯ ಸ್ಟ್ರೋಕಿಗೆ ರಕ್ತದ ಗಡ್ಡೆ ಕರಗಿಸೋ ಇಂಜೆಕ್ಷನ್ ಇದೆ, ಅದನ್ನ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡ್ಬೇಕು.

ಅಧಿಕಾರದಲ್ಲಿ ಇರೋರು ಯಾರಾದ್ರೂ ಈ ಪೇಜ್ ಓದ್ತಿದ್ರೆ ಕೇಳೋದು ಇಷ್ಟೇ: ಡಿಸ್ಚಾರ್ಜ್ ಶೀಟಿನಲ್ಲಿ ಬಿಲ್ ಪಾವತಿಯಾಗಿದೆ ಅನ್ನೋ ಸೀಲ್ ಇರುತ್ತಲ್ಲ, ಅದರ ಪಕ್ಕ ಇನ್ನೊಂದು ಸಾಲು ಬರಲಿ. "ಮನೆಯವರಿಗೆ ಕಲಿಸಲಾಗಿದೆ. ಅವರು ಮಾಡಿ ತೋರಿಸಿದ್ದಾರೆ." ಕನ್ನಡದಲ್ಲಿ. ಕಲಿಸಿದವರ ಸಹಿ, ಕಲಿತವರ ಸಹಿ.

ಅಜ್ಜಿ ಹೇಗಿದ್ದಾಳೆ ಅಂತ ಡಿಎಂ ಮಾಡ್ತೀರಿ, ಗೊತ್ತು. ಹುಣ್ಣು ವಾಸಿಯಾಗೋಕೆ ಎರಡೂವರೆ ತಿಂಗಳು ಬೇಕಾಯ್ತು. ಬಲಗೈ ಇನ್ನೂ ಬಂದಿಲ್ಲ. ಗೋಡೆಗೊರಗಿ ಕೂರ್ತಾಳೆ. ರಾಗಿ ಗಂಜಿ ಅರ್ಧ ಲೋಟ ಹೋಗುತ್ತೆ, ಅರ್ಧ ಗಂಟೆ ಹಿಡಿಯುತ್ತೆ. ನಿನ್ನೆ ಅವಸರಕ್ಕೆ ನಾನು ಬೇಗ ಬೇಗ ಚಮಚ ಎತ್ತಿದೆ, ಕಾಲೇಜಿಗೆ ಬಸ್ ಹೋಗಿಬಿಡುತ್ತೆ ಅಂತ. ಅಜ್ಜಿ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು "ತಡಿಯೋ" ಅಂದ್ಲು. ಪೂರ್ತಿ ಸ್ಪಷ್ಟವಾಗಿ.

ಬಸ್ ಹೋಯ್ತು. ಮುಂದಿನ ಬಸ್ಸಿಗೆ ಹೋದೆ.

ನಿಮ್ಮ ಮನೇಲಿ ಯಾರನ್ನಾದ್ರೂ ಹೀಗೆ ನೋಡ್ಕೊಂಡಿದ್ರೆ, ಆಸ್ಪತ್ರೆಯಲ್ಲಿ ಯಾರೂ ಹೇಳದ, ನೀವೇ ಕಷ್ಟಪಟ್ಟು ಕಲಿತ ಒಂದು ವಿಷಯ ಕಾಮೆಂಟಲ್ಲಿ ಬರೀರಿ. ಕನ್ನಡದಲ್ಲೇ ಬರೀರಿ. ಇನ್ನೊಬ್ಬರ ಮನೆಗೆ ಅದು ಆರನೇ ದಿನಕ್ಕಿಂತ ಮುಂಚೆ ಸಿಗಲಿ.

#ಮನೆಯೇವಾರ್ಡು #ಕಲಿಸಿಕಳಿಸಿ #ಅಜ್ಜಿ #ಆರೈಕೆ #ಕನ್ನಡದಲ್ಲೇಹೇಳಿ